ಗುಡ್ಡದವಳಿಗೆ ಸಪಾಟು ರಸ್ತೆಯೇ ಕಷ್ಟ

2025 ಫೆಬ್ರವರಿ 23, ಭಾನುವಾರ
ಸುಂಟಿಕೊಪ್ಪ

ಕೆರೆ ಮತ್ತೆ ಇಳಿದಿದೆ. ಚೆಟ್ಟಳ್ಳಿ ಕಡೆ ಇರುವ ಚಿಕ್ಕಪ್ಪನ ಕಾಫಿ ತೋಟದ ಕೆರೆ. ಟ್ರಯಾಥ್ಲಾನ್‌ಗೆ, ಅಂದರೆ ಈಜು, ಸೈಕಲ್, ಓಟ ಮೂರೂ ಸೇರಿದ ರೇಸಿಗೆ, ನಾನು ಈಜು ಅಭ್ಯಾಸ ಮಾಡೋದು ಇದರಲ್ಲೇ. ಜನವರಿಯಲ್ಲಿ ಈ ದಡದಿಂದ ಆ ದಡಕ್ಕೆ ಹೆಚ್ಚುಕಮ್ಮಿ 80 ಮೀಟರ್ ಇತ್ತು. ಈಗ ಸುತ್ತ ಕೆಸರು ಎದ್ದಿದೆ. ನೀರು ಮುಟ್ಟುವ ಮೊದಲು ಮೊಣಕಾಲವರೆಗೆ ಹೂತುಕೊಳ್ಳಬೇಕು.

ರೊಬಸ್ಟಾ ಕೊಯ್ಲು ಮುಗಿಯುತ್ತಿದ್ದ ಹಾಗೆ ಸ್ಪ್ರಿಂಕ್ಲರ್ ಶುರು. ಕಾಫಿ ಹೂ ಅರಳಿಸುವ ಹೂಮಳೆ ಬರುತ್ತೋ ಇಲ್ಲವೋ ಅಂತ ಮೋಡ ನೋಡಿಕೊಂಡು ಕೂರುವವರು ಈಗ ಕಡಿಮೆ, ನೀರಿದ್ದವರು ಹೊಡೆದೇ ಬಿಡುತ್ತಾರೆ. ಗಿಡಕ್ಕೆ ಒಂದು ಇಂಚು ಮಳೆಯಷ್ಟಾದರೂ ನೀರು ಬೀಳಬೇಕು. ಒಂದು ಎಕರೆಗೆ ಒಂದು ಇಂಚು ಅಂದರೆ ಒಂದು ಲಕ್ಷ ಲೀಟರಿಗಿಂತ ಜಾಸ್ತಿ. ಅಷ್ಟೂ ಹೋಗೋದು ನಾನು ಈಜುವ ಕೆರೆಯಿಂದಲೇ.

"ಇನ್ನೊಂದು ಮೂರು ವಾರ ತಡೆದು ಹೊಡೆದರೆ ಆಗೋದಿಲ್ವಾ ಚಿಕ್ಕಪ್ಪಾ?" ಅಂತ ಸುಮ್ನೆ ಕೇಳಿದೆ.

"ಎಂತ ಮಾರಾಯ್ತಿ, ಮುಂದಿನ ವರ್ಷ ಗಿಡದಲ್ಲಿ ಕಾಫಿ ಬಿಡೋದು ಬೇಡ್ವಾ? ನಿನ್ನ ಮೆಡಲ್ ಒಣಗಿಸ್ಲಾ ಕಣದಲ್ಲಿ?"

ಅಲ್ಲಿಗೆ ಆ ಮಾತು ಮುಗಿಯಿತು. ಆದರೆ ಚಿಕ್ಕಪ್ಪ ಕೆಟ್ಟವರಲ್ಲ. ಪೈಪ್ ಒಂದು ಕಡೆಯಿಂದ ಇನ್ನೊಂದು ಕಡೆಗೆ ಬದಲಾಯಿಸುವಾಗ ಡೀಸೆಲ್ ಎಂಜಿನ್ ನಿಲ್ಲಿಸುತ್ತಾರಲ್ಲ, ಆ ಹೊತ್ತು ನನ್ನದು. ತೋಟದ ಲೆಕ್ಕ ಬರೆಯುವ ರೈಟ್ರು ದಡದಲ್ಲಿ ಹಗ್ಗ, ಲಾರಿ ಟ್ಯೂಬು ಇಟ್ಟುಕೊಂಡು ಕೂರುತ್ತಾರೆ. ಅವರಿಲ್ಲದೆ ಇಳಿಯೋದಿಲ್ಲ ಅಂತ ಚಿಕ್ಕಮ್ಮನಿಗೆ ಮಾತು ಕೊಟ್ಟಿದ್ದೇನೆ. ಸೊಂಟಕ್ಕೆ ಕಿತ್ತಳೆ ಬಣ್ಣದ ಗಾಳಿ ಚೀಲ ಕಟ್ಟಿಕೊಳ್ಳುತ್ತೇನೆ. ಹಾರಂಗಿ, ಚಿಕ್ಲಿಹೊಳೆ ಎರಡೂ ನಮಗೆ ಹತ್ತಿರವೇ, ಅಲ್ಯಾಕೆ ಹೋಗೋದಿಲ್ಲ ಅಂತ ಬೆಂಗಳೂರಿನ ಗೆಳತಿಯರು ಕೇಳುತ್ತಾರೆ. ಜಲಾಶಯಕ್ಕೆ ಹಾಗೆಲ್ಲ ಇಳಿಯೋ ಹಾಗಿಲ್ಲ. ಹೊಳೆಯಲ್ಲಿ ಬಂಡೆ, ಸುಳಿ. ಪ್ರತಿ ವರ್ಷ ಪೇಪರಿನಲ್ಲಿ ಓದುತ್ತೇವಲ್ಲ.

ಕೆರೆಯ ನಡುವೆ ಒಂದು ನೀಲಿ ಡ್ರಮ್ ತೇಲುತ್ತಿರುತ್ತದೆ. ಪಂಪಿಗೆ ನೀರೆಳೆಯುವ ಪೈಪಿನ ಬಾಯಿ (ಫುಟ್‌ವಾಲ್ವ್) ಕೆಸರಿಗೆ ಹೋಗದಿರಲಿ ಅಂತ ಅದಕ್ಕೆ ಕಟ್ಟಿರುತ್ತಾರೆ. ನನಗೆ ಅದೇ ಗುರುತು. ಕೊಳದಲ್ಲಿ ಈಜುವವರಿಗೆ ತಳದಲ್ಲಿ ಕಪ್ಪು ಗೆರೆ ಕಾಣುತ್ತದೆ. ಇಲ್ಲಿ ಕಣ್ಣು ಬಿಟ್ಟರೆ ಬರೀ ಚಹಾ ಬಣ್ಣ. ಹಾಗಾಗಿ ಆರೆಂಟು ಸಲ ಕೈ ಬೀಸಿದ ಮೇಲೆ ಮೊಸಳೆ ಥರ ಕಣ್ಣಷ್ಟೇ ಮೇಲೆತ್ತಿ ಡ್ರಮ್ ನೋಡಬೇಕು, ತಲೆ ಪೂರ್ತಿ ಎತ್ತಬಾರದು. ತಲೆ ಎತ್ತಿದರೆ ಸೊಂಟ ಮುಳುಗುತ್ತದೆ, ಸೊಂಟ ಮುಳುಗಿದರೆ ವೇಗ ಹೋಯಿತು. ಇವತ್ತು ರೈಟ್ರು ದಡದಿಂದ, "ಅಕ್ಕಾ, ನೀವು ಡ್ರಮ್ಮಿಗೆ ಹೋಗ್ತಿಲ್ಲ, ಸಿಲ್ವರ್ ಮರಕ್ಕೆ ಹೋಗ್ತಿದ್ದೀರಿ" ಅಂತ ಕೂಗಿದರು. ನನ್ನ ಬಲಗೈ ಜೋರು, ಎಡಕ್ಕೆ ಎಳೆಯುತ್ತದೆ. ಕೋಚ್ ಇಲ್ಲದವಳಿಗೆ ರೈಟ್ರೇ ಕೋಚ್.

ಮುಂದಿನ ತಿಂಗಳು ಮಂಗಳೂರು ಕಡೆ ಕಡಲತೀರದಲ್ಲಿ ರೇಸ್. 1.5 ಕಿ.ಮೀ. ಈಜು, 40 ಕಿ.ಮೀ. ಸೈಕಲ್, 10 ಕಿ.ಮೀ. ಓಟ. 2000ರಲ್ಲಿ ಸಿಡ್ನಿ ಒಲಿಂಪಿಕ್ಸ್‌ಗೆ ಟ್ರಯಾಥ್ಲಾನ್ ಬಂದಾಗ ಇಟ್ಟ ದೂರವೇ ಇದು. ಇದರ ಅರ್ಧಕ್ಕೆ ಸ್ಪ್ರಿಂಟ್ ಅನ್ನುತ್ತಾರೆ, ಅದನ್ನು ನಾನು ಮಾಡಿದ್ದೇನೆ. ಗೋವಾದಲ್ಲಿ 2019ರಲ್ಲಿ ಶುರುವಾದ ಐರನ್‌ಮನ್ 70.3 ಇದಕ್ಕಿಂತ ಬಹಳ ದೊಡ್ಡದು, 90 ಕಿ.ಮೀ. ಸೈಕಲ್ ಆದ ಮೇಲೆ ಅರ್ಧ ಮ್ಯಾರಥಾನ್. ಅದರ ಆಸೆ ಈಗ ಬೇಡ.

"ಸುಸ್ತಾದ ಮೇಲೆ ಕೊನೆಗೆ ನೀರಿಗೆ ಬಿದ್ದರೆ ತಂಪಾಗಿರ್ತದೆ, ಮೊದಲೇ ಯಾಕೆ ಈಜೋದು?" ಅಂತ ಚಿಕ್ಕಪ್ಪ ಕೇಳಿದರು. ಒಳ್ಳೆ ಪ್ರಶ್ನೆಯೇ. 1974ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಮೊದಲ ಸಲ ಟ್ರಯಾಥ್ಲಾನ್ ಹೆಸರಿನ ರೇಸ್ ಮಾಡಿದವರು ಓಟವನ್ನೇ ಮೊದಲು ಇಟ್ಟಿದ್ದರು. ಆದರೆ ಸುಸ್ತಾದವನು ರಸ್ತೆಯಲ್ಲಿ ಕುಕ್ಕರಿಸಿದರೆ ನೀರು ಕೊಡಬಹುದು, ಕಡಲಲ್ಲಿ ಕುಕ್ಕರಿಸೋಕೆ ಜಾಗವಿಲ್ಲ. ಮೈಯಲ್ಲಿ ಶಕ್ತಿ ಇದ್ದಾಗಲೇ ಎಲ್ಲರನ್ನೂ ನೀರಿಂದ ದಾಟಿಸಿ ಬಿಡುತ್ತಾರೆ.

ಈಜಿನ ಚಿಂತೆಗಿಂತ ನನಗೆ ಸೈಕಲ್ ಚಿಂತೆ ಜಾಸ್ತಿ. ಯಾರೂ ನಂಬೋದಿಲ್ಲ. "ನಿನಗೇನು, ದಿನಾ ಗುಡ್ಡ ಹತ್ತುವವಳು, ಅಲ್ಲಿ ಸಪಾಟು ರಸ್ತೆ, ಹಾರಿಕೊಂಡು ಹೋಗ್ತೀಯ" ಅಂತಾರೆ. ನಮ್ಮೂರ ರಸ್ತೆಯಲ್ಲಿ ಹತ್ತುವಾಗ ಉಸಿರು ಕಟ್ಟುತ್ತದೆ ನಿಜ. ಆದರೆ ಹತ್ತಿದ್ದನ್ನೆಲ್ಲ ಇಳಿಯುತ್ತೇವಲ್ಲ! ಇಳಿಯುವಾಗ ಪೆಡಲ್ ತುಳಿಯೋದಿಲ್ಲ. ಬ್ರೇಕ್ ಮೇಲೆ ಬೆರಳಿಟ್ಟು ನೀರು ಕುಡಿದು, ಬೆನ್ನು ನೆಟ್ಟಗೆ ಮಾಡಿ, ಯಾರ ತೋಟದಲ್ಲಿ ಮೆಣಸು ಎಷ್ಟು ಕಟ್ಟಿದೆ ಅಂತ ನೋಡಿಕೊಂಡು ಬರುತ್ತೇವೆ. ಅಷ್ಟು ಹೊತ್ತು ಕಾಲಿಗೆ ರಜೆ. ಸಪಾಟು ರಸ್ತೆಯಲ್ಲಿ ಆ ರಜೆ ಇಲ್ಲ. ಮೊದಲ ಕಿಲೋಮೀಟರಿಂದ ಕೊನೆಯದರವರೆಗೆ ಒಂದೇ ಸಮ ತುಳಿಯಬೇಕು, ಅದೂ ಬಗ್ಗಿ ಕೂತು.

ಅಭ್ಯಾಸ ಮಾಡೋಣ ಅಂದರೆ ಕೊಡಗಿನಲ್ಲಿ ಸಪಾಟು ರಸ್ತೆ ಎಲ್ಲಿದೆ? ನನಗೆ ಸಿಕ್ಕಿದ್ದು ಒಂದೇ. ಕುಶಾಲನಗರಕ್ಕೆ ಇಳಿದು, ಕಾವೇರಿ ಸೇತುವೆ ದಾಟಿ, ಬೈಲಕುಪ್ಪೆ ಮೇಲೆ ಪಿರಿಯಾಪಟ್ಟಣದ ದಾರಿ. ಸೇತುವೆ ದಾಟಿದರೆ ಮೈಸೂರು ಜಿಲ್ಲೆ. ಸಪಾಟು ಬೇಕಾದರೆ ಜಿಲ್ಲೆಯನ್ನೇ ದಾಟಬೇಕು ಅಂತಾಯಿತು. ಅದೂ ಪೂರ್ತಿ ಸಪಾಟಲ್ಲ, ಆದರೆ ಜೋಳ, ಹೊಗೆಸೊಪ್ಪಿನ ಹೊಲಗಳ ನಡುವೆ ಒಂದಷ್ಟು ದೂರ ಪೆಡಲ್ ನಿಲ್ಲಿಸದೆ ಹೋಗಬಹುದು. ಅಲ್ಲಿಗೆ ಹೋಗೋಕೂ ಬೆಳಕಾಗಬೇಕು. ಸುಂಟಿಕೊಪ್ಪ ಕುಶಾಲನಗರ ನಡುವೆ ಇರೋದು ಆನೆಕಾಡು, ಹೆಸರಲ್ಲೇ ಇದೆ. ಬೆಂಗಳೂರಿನವರು ನಾಲ್ಕೂವರೆಗೆ ಎದ್ದು ಕತ್ತಲಲ್ಲೇ ಸೈಕಲ್ ತುಳಿದು ಫೋಟೋ ಹಾಕುತ್ತಾರೆ. ನಾನು ಅಷ್ಟು ಹೊತ್ತಿಗೆ ಎದ್ದರೂ ನಾಲ್ಕಾರು ಬಸ್ಸು ಹೋಗಲಿ ಅಂತ ಕಾಯಬೇಕು.

2025 ಮಾರ್ಚ್ 5, ಬುಧವಾರ

ಹೂ ಬಿಟ್ಟಿದೆ. ನೀರು ಬಿದ್ದು ವಾರ, ಹತ್ತು ದಿನಕ್ಕೆ ರೊಬಸ್ಟಾ ಅರಳುತ್ತದೆ. ಇವತ್ತು ಬೆಳಿಗ್ಗೆ ತೋಟದ ರಸ್ತೆಯಲ್ಲಿ ಓಡಿದೆ. ಪರಿಮಳ ಚೆನ್ನಾಗಿದೆ ಅನ್ನೋದು ಕಾರಲ್ಲಿ ಹೋಗುವವರ ಮಾತು. ಬಾಯಿ ತೆರೆದು ಉಸಿರಾಡುವವರಿಗೆ ಎರಡು ಕಿಲೋಮೀಟರಿಗೆ ತಲೆ ಭಾರ. ಜೊತೆಗೆ ಜೇನು. ಅರೇಬಿಕಾ ಬೇಕಾದರೆ ತನ್ನ ಪರಾಗದಲ್ಲೇ ಕಾಯಿ ಕಟ್ಟುತ್ತದೆ, ರೊಬಸ್ಟಾಗೆ ಬೇರೆ ಗಿಡದ್ದೇ ಆಗಬೇಕು. ಅದಕ್ಕೇ ಜೇನು ಬಂದರೆ ಚಿಕ್ಕಪ್ಪನಿಗೆ ಖುಷಿ. ನಾನು ಬಾಯಿ ಮುಚ್ಚಿಕೊಂಡು ಓಡಿದೆ.

ಸೆಕೆಯ ಅಭ್ಯಾಸವೂ ನಡೀತಿದೆ. ಇಲ್ಲಿ ಬೆಳಿಗ್ಗೆ ಇನ್ನೂ ಸ್ವೆಟರ್ ಬೇಕು, ಕರಾವಳಿಯಲ್ಲಿ ಈ ಹೊತ್ತಿಗೆ ಕೂತಲ್ಲೇ ಬೆವರುತ್ತಾರೆ. ಮೈ ಸೆಕೆಗೆ ಹೊಂದಿಕೊಳ್ಳೋಕೆ ಹತ್ತರಿಂದ ಹದಿನಾಲ್ಕು ದಿನ ಬೇಕು. ಆಮೇಲೆ ಬೆವರು ಬೇಗ ಶುರುವಾಗುತ್ತದೆ, ಅದರಲ್ಲಿ ಹೋಗುವ ಉಪ್ಪು ಕಡಿಮೆಯಾಗುತ್ತದೆ. ಎರಡು ವಾರ ಮಂಗಳೂರಿನಲ್ಲಿ ಹೋಗಿ ಇರೋಕೆ ನಮ್ಮ ಹೆಡ್‌ಮಾಸ್ಟ್ರು ರಜೆ ಕೊಡ್ತಾರಾ? ಎಸ್ಸೆಸ್ಸೆಲ್ಸಿ ಪರೀಕ್ಷೆ ಎದುರಿಗಿದೆ. ಅದಕ್ಕೆ ರಜೆ ಸಿಕ್ಕ ದಿನ ಮಧ್ಯಾಹ್ನ ಜರ್ಕಿನ್ ಹಾಕಿಕೊಂಡು ಕಾಫಿ ಕಣದ ಸುತ್ತ ಓಡುತ್ತೇನೆ. ಸಿಮೆಂಟ್ ಕಣ, ಕೆಳಗಿಂದಲೂ ಕಾವು. ಕೊನೆಯ ಕೊಯ್ಲಿನ ಚೆರ್ರಿ ಕೆದಕುತ್ತಿದ್ದ ಹೆಂಗಸರು ಮೊದಲ ದಿನ ಕೈಯಲ್ಲಿದ್ದದ್ದು ಬಿಟ್ಟು ನೋಡಿದರು. "ಅಕ್ಕಂಗೆ ಚಳಿಜ್ವರವಾ?" ಅಂತ ಒಬ್ಬಳು ಕೇಳಿದಳು. ಈಗ ಅವರೇ ಸುತ್ತು ಎಣಿಸುತ್ತಾರೆ. ಎಣಿಕೆಯಲ್ಲಿ ಸ್ವಲ್ಪ ಮೋಸ ಇದೆ, ಯಾವಾಗಲೂ ಒಂದೆರಡು ಕಮ್ಮಿಯೇ ಹೇಳುತ್ತಾರೆ.

ಸಂಜೆ ಪೇಟೆಯಲ್ಲಿ ಸಿಕ್ಕಿದ ಹಳೇ ವಿದ್ಯಾರ್ಥಿಯ ಅಪ್ಪ, "ಟೀಚರೇ, ಇದೆಲ್ಲ ಎಂತಕೆ, ಹಾಕಿ ಆಡಬಹುದಿತ್ತಲ್ಲ" ಅಂದರು. ತಮಾಷೆಗಲ್ಲ. 1997ರಲ್ಲಿ ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಶುರುವಾದ ಮೇಲೆ ಏಪ್ರಿಲ್ ಬಂತೆಂದರೆ ಇಲ್ಲಿ ಬೇರೆ ಆಟದ ಮಾತೇ ಇಲ್ಲ. ಒಬ್ಬಳೇ ಮಾಡುವ ಆಟ ನಮ್ಮೂರಿಗೆ ಆಟವೇ ಅಲ್ಲ, ಏನೋ ಹರಕೆ ಇರಬೇಕು ಅಂದುಕೊಳ್ಳುತ್ತಾರೆ.

2025 ಮಾರ್ಚ್ 17, ಸೋಮವಾರ

ರೇಸ್ ಮುಗಿಯಿತು. ಸಿ.ಎಲ್. ಹಾಕಿ ಮನೆಯಲ್ಲಿದ್ದೇನೆ. ಮೆಟ್ಟಿಲು ಹತ್ತಬಹುದು, ಇಳಿಯೋಕೆ ಗೋಡೆ ಹಿಡಿಯಬೇಕು.

ಶನಿವಾರ ಮಧ್ಯಾಹ್ನ ಮಡಿಕೇರಿ ದಾಟಿ ಸಂಪಾಜೆ ಘಾಟಿ ಇಳಿಯುತ್ತಿದ್ದ ಹಾಗೆ ಕಾರಿನೊಳಗೆ ಗಾಳಿ ಬದಲಾಯಿತು. ಸುಳ್ಯದ ಹೊತ್ತಿಗೆ ಮನೆಯವರು ಎ.ಸಿ. ಹಾಕೋಕೆ ಹೋದರು. ಬೇಡ, ಮೈಗೆ ಗೊತ್ತಾಗಲಿ ಅಂದೆ. ಪುತ್ತೂರಿನವರೆಗೆ ತಡೆದರು, ಆಮೇಲೆ ನನ್ನ ಮಾತು ಕೇಳಲಿಲ್ಲ.

ಭಾನುವಾರ ಬೆಳಕು ಹರಿಯುವಾಗ ಕಡಲು. ಈಜಿನಲ್ಲಿ ನಾನು ಹೆದರಿದ್ದು ಇದಕ್ಕೇ. ಅಲೆ ಬಂದಾಗ ಎದುರಿಸಿ ನಿಂತರೆ ಹೊಡೆದು ಬೀಳಿಸುತ್ತದೆ, ಕೆಳಗೆ ಮುಳುಗಿ ದಾಟಬೇಕು. ಮೂರು ಅಲೆ ಹಾಗೆ ದಾಟಿದೆ, ಒಂದರಲ್ಲಿ ಉಪ್ಪು ನೀರು ಮೂಗಿಗೆ ಹೋಯಿತು. ಅಲೆ ಏಳುವ ಜಾಗ ದಾಟಿದ ಮೇಲೆ ಆಶ್ಚರ್ಯ. ಉಪ್ಪು ನೀರು ತಾನೇ ಎತ್ತಿ ಹಿಡಿಯುತ್ತದೆ. ಕೆರೆಯಲ್ಲಿ ಮುಳುಗುತ್ತಿದ್ದ ನನ್ನ ಕಾಲು ಇಲ್ಲಿ ತಾನಾಗೇ ಮೇಲೆ ಬಂತು. ದಾರಿ ತೋರಿಸಲು ತೇಲಿಬಿಟ್ಟ ಕಿತ್ತಳೆ ಬೋಯಾ ನಮ್ಮ ನೀಲಿ ಡ್ರಮ್ಮಿಗಿಂತ ಎಷ್ಟೋ ದೊಡ್ಡದು, ಅಲೆ ಎತ್ತಿದಾಗ ನೋಡಿದರೆ ಸಾಕು. ಮೈ ಬೆಚ್ಚಗಿಡುವ ವೆಟ್‌ಸೂಟ್ ಪ್ರಶ್ನೆಯೇ ಇಲ್ಲ, ನೀರು ಇಷ್ಟು ಬೆಚ್ಚಗಿದ್ದರೆ ಹಾಕಿಕೊಳ್ಳಲು ಬಿಡೋದಿಲ್ಲ. 41 ನಿಮಿಷಕ್ಕೆ ಮರಳಿಗೆ ಬಂದೆ. ಕುತ್ತಿಗೆ ಹತ್ತಿರ ಬಟ್ಟೆ ಉಜ್ಜಿ ಕೆಂಪಗಾಗಿತ್ತು, ಅದರ ಮೇಲೆ ಉಪ್ಪು. ವ್ಯಾಸಲೀನ್ ಇನ್ನೂ ದಪ್ಪ ಹಚ್ಚಬೇಕು.

ಸೈಕಲ್ ನಿಲ್ಲಿಸಿದ ಜಾಗದಲ್ಲಿ ಒಂದು ನಿಯಮ ಇದೆ. ಹೆಲ್ಮೆಟ್ ಬಕಲ್ ಹಾಕುವ ಮೊದಲು ಸೈಕಲ್ ತೆಗೆಯೋ ಹಾಗಿಲ್ಲ. ಒದ್ದೆ ಬೆರಳು, ನಡುಗುವ ಕೈ, ಬಕಲ್ ಕೂರೋದೇ ಇಲ್ಲ. ನನ್ನ ಪಕ್ಕದ ಹುಡುಗ ಹೆಲ್ಮೆಟ್ ಮರೆತು ಸೈಕಲ್ ಹಿಡಿದು ಓಡಿದ. ವಾಲಂಟಿಯರ್ ಸೀಟಿ ಊದಿ ವಾಪಸ್ ಕಳಿಸಿದರು.

ಆಮೇಲೆ ಆ 40 ಕಿ.ಮೀ. ಮೊದಲ ಹತ್ತು ಚೆನ್ನಾಗೇ ಹೋಯಿತು. ಹದಿನೈದರ ಹೊತ್ತಿಗೆ ಸೊಂಟದ ಹಿಂದೆ ಹಿಡಿಯತೊಡಗಿತು, ಆಮೇಲೆ ಕುತ್ತಿಗೆ, ಆಮೇಲೆ ಅಂಗೈ. ಎದ್ದು ನಿಲ್ಲೋಕೆ ಒಂದು ಏರಿಲ್ಲ, ಕಾಲು ಬಿಡೋಕೆ ಒಂದು ಇಳಿಜಾರಿಲ್ಲ. ಕಡಲ ಗಾಳಿ ಎದುರಿಗೆ. ಮುಂದಿನವರ ಹಿಂದೆ ಅಂಟಿಕೊಂಡು ಗಾಳಿ ತಪ್ಪಿಸಿಕೊಳ್ಳೋಣ ಅಂದರೆ ನಮ್ಮಂಥ ಹವ್ಯಾಸಿಗಳಿಗೆ ಅದು ನಿಷೇಧ, ಅಂತರ ಬಿಡಬೇಕು. ಕಾಲಲ್ಲಿ ಶಕ್ತಿ ಇತ್ತು. ತಡೆಯಲಾಗದೆ ಹೋಗಿದ್ದು ಒಂದೇ ಭಂಗಿಯಲ್ಲಿ ಕೂರೋದು. ದಾರಿಯಲ್ಲಿದ್ದ ಒಂದೇ ಏರು ಒಂದು ಸೇತುವೆ. ಅದು ಕಂಡದ್ದೇ ತಡ, ಎದ್ದು ನಿಂತು ತುಳಿದೆ, ನಾಲ್ಕು ಜನರನ್ನು ಹಿಂದೆ ಹಾಕಿದೆ. ಒಬ್ಬರು "ವ್ಹಾ ಮೇಡಂ!" ಅಂದರು. ಸೇತುವೆ ಇಳಿದು ಅರ್ಧ ಕಿಲೋಮೀಟರಿನೊಳಗೆ ನಾಲ್ವರೂ ನನ್ನನ್ನು ದಾಟಿದರು. "ವ್ಹಾ" ಅಂದವರು ಎಲ್ಲರಿಗಿಂತ ಮೊದಲು. 1 ಗಂಟೆ 34 ನಿಮಿಷ.

ಓಟದಲ್ಲಿ ಹೇಳುವಂಥದ್ದು ಕಡಿಮೆ, ಬಿಸಿಲು ಜಾಸ್ತಿ. ಗಾಳಿಯಲ್ಲಿ ತೇವ ಇದ್ದರೆ ಬೆವರು ಆರೋದಿಲ್ಲ, ಆರದಿದ್ದರೆ ಮೈ ತಂಪಾಗೋದಿಲ್ಲ, ಸುಮ್ನೆ ಸೋರಿ ಹೋಗುತ್ತದೆ. ಕಣದ ಸುತ್ತ ಓಡಿದ್ದು ಒಣ ಬಿಸಿಲಲ್ಲಿ. ಅದು ಅರ್ಧ ಅಭ್ಯಾಸ ಅಷ್ಟೇ ಅಂತ ಈಗ ಗೊತ್ತಾಗುತ್ತಿದೆ. ಆರನೇ ಕಿಲೋಮೀಟರಿನಲ್ಲಿ ರಸ್ತೆ ಬದಿಯ ಎಳನೀರು ಅಂಗಡಿಯವರು ಒಂದು ಕೆತ್ತಿ, ಕೈ ಚಾಚಿ, "ತಗೊಳ್ಳಿ ಅಕ್ಕಾ, ದುಡ್ಡು ಬೇಡ" ಅಂದರು. ಹೊರಗಿನವರಿಂದ ಏನೂ ತೆಗೆದುಕೊಳ್ಳಬಾರದು ಅಂತ ನಿಯಮ. "ಬೇಡ ಅಣ್ಣಾ" ಅಂದು ಓಡಿದೆ. ಈ ಆಟದ ನಿಯಮಗಳಲ್ಲೆಲ್ಲ ಇದರಷ್ಟು ಕೆಟ್ಟದ್ದು ಇನ್ನೊಂದಿಲ್ಲ. ಮೆಡಲ್ ಹಾಕಿಸಿಕೊಂಡ ಮೇಲೆ ಕಾರಿನಲ್ಲಿ ಅದೇ ಅಂಗಡಿಗೆ ಹೋಗಿ ಎರಡು ಕುಡಿದೆ, ದುಡ್ಡು ಕೊಟ್ಟು.

ಒಟ್ಟು 3 ಗಂಟೆ 34 ನಿಮಿಷ. ನನ್ನ ವಯಸ್ಸಿನ ಹೆಂಗಸರಲ್ಲಿ ಮೂರನೇ ಸ್ಥಾನ. ಇದ್ದವರೂ ಮೂವರೇ. ಚಿಕ್ಕಪ್ಪನಿಗೆ ಫೋನಿನಲ್ಲಿ ಮೂರನೇ ಸ್ಥಾನ ಅಂತಷ್ಟೇ ಹೇಳಿದೆ.

ಅವರ ಕಡೆಯ ಸುದ್ದಿ ಅಂದರೆ, ಎರಡನೇ ಸಲ ನೀರು ಹೊಡೆಯುವ ಸಮಯ ಬಂತು. ಹೂ ಉದುರಿದ ಮೇಲೆ ಇನ್ನೊಂದು ಸಲ ನೀರು ಬೀಳದಿದ್ದರೆ ಕಾಯಿ ನಿಲ್ಲೋದಿಲ್ಲ. ಪಕ್ಕದ ಊರಲ್ಲಿ 40 ಸೆಂಟ್, ಅಂದರೆ ಅರ್ಧ ಇಂಚಿಗೂ ಕಮ್ಮಿ, ಮಳೆಯಂತೆ, ಇವರಿಗೆ ಒಂದು ಹನಿ ಇಲ್ಲ. ಈ ತಿಂಗಳ ಕೊನೆಗೆ ಕೆರೆಯಲ್ಲಿ ಡ್ರಮ್ ತೇಲುವಷ್ಟೂ ನೀರಿರೋದಿಲ್ಲ. ಈಜು ಇನ್ನು ಜೂನ್ ಮಳೆ ಬಂದ ಮೇಲೆಯೇ.

ಅಲ್ಲಿವರೆಗೆ ಸೈಕಲ್. ಬೈಲಕುಪ್ಪೆ ಭಾನುವಾರಕ್ಕೆ. ಉಳಿದ ದಿನ ಮನೆಯಲ್ಲೇ ಟ್ರೇನರ್ (ಸೈಕಲ್ಲನ್ನು ನಿಂತಲ್ಲೇ ತುಳಿಯುವ ಸ್ಟ್ಯಾಂಡ್) ಮೇಲೆ, ಬಗ್ಗಿ ಕೂತು, ಮೊದಲು ಇಪ್ಪತ್ತು ನಿಮಿಷ, ಆಮೇಲೆ ಅರ್ಧ ಗಂಟೆ, ಪೆಡಲ್ ನಿಲ್ಲಿಸದೆ. ಹ್ಯಾಂಡಲ್ ಒಂದು ಬೆರಳು ಎತ್ತರಿಸಿ ನೋಡಬೇಕು. ಸೈಕಲ್ ತೊಳೆದಾಯಿತು, ಚೈನಿಗೆ ಎಣ್ಣೆ ಬಿಟ್ಟಾಯಿತು, ಉಪ್ಪು ಬಿಟ್ಟರೆ ವಾರದಲ್ಲಿ ತುಕ್ಕು. ಟ್ರೇನರ್ ಸದ್ದಿಗೆ ಸೀರಿಯಲ್ ಕೇಳಿಸೋದಿಲ್ಲ ಅಂತ ಅತ್ತೆ ಈಗಲೇ ಹೇಳಿಬಿಟ್ಟಿದ್ದಾರೆ. ನಾಳೆ ಸ್ಕೂಲಿಂದ ಬಂದು ಅದನ್ನು ಕಾರ್ ಶೆಡ್ಡಿಗೆ ಸಾಗಿಸಬೇಕು. ಅಲ್ಲಿ ಪ್ಲಗ್ ಪಾಯಿಂಟ್ ಇಲ್ಲ, ಫ್ಯಾನಿಗೆ ಅಡುಗೆಮನೆ ಕಿಟಕಿಯಿಂದ ವೈರ್ ಎಳೆದುಕೊಂಡರಾಯಿತು.