‘ಅವರಿಗೆ ಹೇಗೂ ಏನೂ ಸಿಗುತ್ತಿರಲಿಲ್ಲ’

ಗರ್ಭಿಣಿಯಿಂದ ಮಗುವಿಗೆ ಎಚ್‌ಐವಿ ದಾಟುವುದನ್ನು ಜಿಡೊವುಡಿನ್ ಔಷಧ ಸುಮಾರು ಮೂರನೇ ಎರಡರಷ್ಟು ತಗ್ಗಿಸುತ್ತದೆ ಎಂಬುದು 1994ರಲ್ಲಿ ಅಮೆರಿಕ ಮತ್ತು ಫ್ರಾನ್ಸ್‌ನ ಪ್ರಯೋಗದಿಂದ ಸಿದ್ಧವಾಯಿತು. ಆದರೆ ಆ ಚಿಕಿತ್ಸೆ ಸುಲಭದ್ದಾಗಿರಲಿಲ್ಲ: ತಾಯಿಗೆ ದಿನಕ್ಕೆ ಐದು ಸಲ ಮಾತ್ರೆ, ಹೆರಿಗೆಯ ಹೊತ್ತಿನಲ್ಲಿ ರಕ್ತನಾಳದ ಮೂಲಕ ಔಷಧ, ಹುಟ್ಟಿದ ಮಗುವಿಗೆ ಆರು ವಾರ ಸಿರಪ್. ಔಷಧಕ್ಕೇ ಸುಮಾರು 800 ಡಾಲರ್ ತಗಲುತ್ತಿತ್ತು. ಬಡ ದೇಶಗಳಿಗೆ ಇದಕ್ಕಿಂತ ಚಿಕ್ಕದೂ ಅಗ್ಗವೂ ಆದ ಕ್ರಮ ಬೇಕಿತ್ತೆಂಬುದರಲ್ಲಿ ಯಾರಿಗೂ ತಕರಾರಿರಲಿಲ್ಲ.

ತಕರಾರು ಎದ್ದದ್ದು ಆ ಚಿಕ್ಕ ಕ್ರಮವನ್ನು ಯಾವುದರೊಂದಿಗೆ ಹೋಲಿಸಬೇಕು ಎಂಬಲ್ಲಿ. ಆಫ್ರಿಕಾ, ಥಾಯ್ಲೆಂಡ್ ಮೊದಲಾದೆಡೆ ನಡೆದ ಪ್ರಯೋಗಗಳಲ್ಲಿ ಬಹುಪಾಲು, ಹೋಲಿಕೆಯ ಗುಂಪಿನ ಗರ್ಭಿಣಿಯರಿಗೆ ಪ್ಲಸಿಬೊ, ಅಂದರೆ ಔಷಧವೇ ಇಲ್ಲದ ಮಾತ್ರೆ ಕೊಟ್ಟವು. ಅಮೆರಿಕದ ವೈದ್ಯರಾದ ಪೀಟರ್ ಲೂರಿ ಮತ್ತು ಸಿಡ್ನಿ ವುಲ್ಫ್ 1997ರಲ್ಲಿ ಇದನ್ನು ಖಂಡಿಸಿ ಬರೆದರು.

ಪ್ರಯೋಗದ ಪರ ವಹಿಸಿದವರ ವಾದ ಪೊಳ್ಳಾಗಿರಲಿಲ್ಲ. ಎದೆಹಾಲು ಕುಡಿಸುವ, ರಕ್ತಹೀನತೆ ಹೆಚ್ಚಾಗಿರುವ ತಾಯಂದಿರಲ್ಲಿ ಔಷಧದ ಫಲ ಬೇರೆಯಾಗಬಹುದು. ಪ್ಲಸಿಬೊ ಇದ್ದರೆ ಕಡಿಮೆ ಜನರಿಂದ, ಬೇಗನೆ ಖಚಿತ ಉತ್ತರ ಸಿಗುತ್ತದೆ. ಉತ್ತರ ಸಿಕ್ಕಿತು ಕೂಡ: ಥಾಯ್ಲೆಂಡ್‌ನಲ್ಲಿ ಗರ್ಭದ ಕೊನೆಯ ವಾರಗಳಲ್ಲಿ ಮತ್ತು ಹೆರಿಗೆಯ ಹೊತ್ತಿನಲ್ಲಷ್ಟೇ ಕೊಟ್ಟ ಔಷಧ ಸೋಂಕನ್ನು ಶೇ 18.9ರಿಂದ ಶೇ 9.4ಕ್ಕೆ ಇಳಿಸಿತು. ಪ್ಲಸಿಬೊ ಗುಂಪಿನಲ್ಲಿ ಹೆಚ್ಚಾಗಿ ಸೋಂಕು ತಗುಲಿದ ಮಕ್ಕಳು ಯಾರೆಂದು ಈ ಅಂಕಿಗಳು ಹೇಳುವುದಿಲ್ಲ.

ನನಗೆ ಒಪ್ಪಿಗೆಯಾಗದಿರುವುದು ಇನ್ನೊಂದು ಸಮರ್ಥನೆ. ಆ ತಾಯಂದಿರಿಗೆ ಹೇಗೂ ಏನೂ ಸಿಗುತ್ತಿರಲಿಲ್ಲ, ಆದ್ದರಿಂದ ಅವರು ಕಳೆದುಕೊಂಡದ್ದೇನೂ ಇಲ್ಲ ಎನ್ನುವ ಮಾತು ಅದು. ಏನೂ ಸಿಗದಿದ್ದುದು ನೆಲದ ಗುಣದಿಂದಲ್ಲ, ಔಷಧಕ್ಕೆ ಯಾರೋ ಇಟ್ಟ ಬೆಲೆಯಿಂದ. ಕೊರತೆಗೆ ಕಾರಣವಾದ ಬೆಲೆಯನ್ನು ಪ್ರಶ್ನಿಸದೆ, ಅದರಿಂದಾದ ಕೊರತೆಯನ್ನೇ ‘ಸ್ಥಳೀಯ ಚಿಕಿತ್ಸಾ ಮಟ್ಟ’ ಎಂದು ಕರೆದು ಪ್ರಯೋಗಕ್ಕೆ ತಳಹದಿ ಮಾಡಿಕೊಂಡರೆ, ಬಡತನವೇ ಸಂಶೋಧಕನಿಗೆ ಅನುಕೂಲವಾದ ಪರಿಸ್ಥಿತಿಯಾಗಿಬಿಡುತ್ತದೆ. ಥಾಯ್ಲೆಂಡ್‌ನಲ್ಲೇ ಇನ್ನೊಂದು ತಂಡ ಪ್ಲಸಿಬೊ ಬಳಸದೆ, ಬೇರೆ ಬೇರೆ ಅವಧಿಯ ಚಿಕಿತ್ಸೆಗಳನ್ನು ಪರಸ್ಪರ ಹೋಲಿಸಿತು. ಹಾಗಾಗಿ ಬೇರೆ ದಾರಿಯೇ ಇರಲಿಲ್ಲವೆನ್ನಲಾಗದು.

2018ರಲ್ಲಿ ಶುರುವಾದ ಕಾಂಗೊ ಪ್ರಜಾಸತ್ತಾತ್ಮಕ ಗಣರಾಜ್ಯದ ಎಬೋಲಾ ಪ್ರಯೋಗದಲ್ಲಿ ನಾಲ್ಕೂ ಗುಂಪುಗಳಿಗೆ ಏನಾದರೊಂದು ಔಷಧವಿತ್ತು. ಮಧ್ಯಂತರ ಫಲಿತಾಂಶದಲ್ಲಿ ಎರಡು ಔಷಧಗಳು ಸ್ಪಷ್ಟವಾಗಿ ಮೇಲೆನಿಸಿದೊಡನೆ, 2019ರ ಆಗಸ್ಟ್‌ನಲ್ಲಿ ಉಳಿದೆರಡನ್ನು ಕೈಬಿಟ್ಟು ಮುಂದಿನ ರೋಗಿಗಳಿಗೆ ಆ ಎರಡನ್ನೇ ಕೊಡಲಾಯಿತು. ಅವುಗಳಲ್ಲಿ ಒಂದರ ಮೂಲ, 1995ರಲ್ಲಿ ಅದೇ ದೇಶದ ಕಿಕ್ವಿಟ್ ನಗರದ ಎಬೋಲಾದಿಂದ ಬದುಕುಳಿದವರೊಬ್ಬರ ರಕ್ತದಲ್ಲಿದ್ದ ಪ್ರತಿಕಾಯ. ಪ್ಲಸಿಬೊ ಪ್ರಶ್ನೆಯಲ್ಲಿ ಇದು ನಿಜವಾದ ಪ್ರಗತಿ. ಆದರೂ ನೈತಿಕ ಸಮಿತಿಗಳು ಸಮ್ಮತಿ ಪತ್ರದ ಒಂದೊಂದು ಸಾಲನ್ನೂ ತಿದ್ದುವಷ್ಟು ಶ್ರದ್ಧೆಯಿಂದ, ಗೆದ್ದ ಔಷಧದ ಬೆಲೆ ಎಷ್ಟು, ದಾಸ್ತಾನು ಯಾವ ದೇಶದಲ್ಲಿರಬೇಕು ಎಂಬುದನ್ನು ಮೊದಲ ರೋಗಿ ಸೇರುವ ಮುನ್ನವೇ ಕರಾರಿನಲ್ಲಿ ಬರೆಸಬೇಕೆಂದು ನಾನು ಬಯಸುತ್ತೇನೆ.