ಪಶ್ಚಿಮ ಏಷ್ಯಾ ಓದಲು ಹೊರಡುವವರೇ, ಮೊದಲು ಭಾಷೆಯ ಗಂಟೆಗಳನ್ನು ಎಣಿಸಿ

ಅರಬ್ ದೇಶಗಳು, ಇಸ್ರೇಲ್, ಇರಾನ್ ಮೂರರ ರಾಜಕೀಯ, ಸಮಾಜ, ಸಂಸ್ಕೃತಿಯನ್ನು ಒಂದೇ ಪದವಿಯಲ್ಲಿ ಓದಿಸುವ ವಿಶ್ವವಿದ್ಯಾಲಯಗಳು ಸಾಕಷ್ಟಿವೆ. ಅಮೆರಿಕದಲ್ಲಿ ಅದನ್ನು ಮಧ್ಯಪ್ರಾಚ್ಯ ಅಥವಾ ಸಮೀಪಪ್ರಾಚ್ಯ ಅಧ್ಯಯನ ಎನ್ನುತ್ತಾರೆ, ನಮ್ಮಲ್ಲಿ ಪಶ್ಚಿಮ ಏಷ್ಯಾ ಅಧ್ಯಯನ. ಸೇರುವ ಮುನ್ನ ಹೆಸರು, ರ‍್ಯಾಂಕು ನೋಡುವುದಕ್ಕಿಂತ ವೇಳಾಪಟ್ಟಿ ತರಿಸಿಕೊಂಡು ನೋಡಿ. ವಾರಕ್ಕೆ ಎಷ್ಟು ಗಂಟೆ ಭಾಷಾಪಾಠ? ಅದಕ್ಕೆ ಕ್ರೆಡಿಟ್ ಇದೆಯೋ, ಸಂಜೆ ಹೊತ್ತು ಹೆಚ್ಚುವರಿಯಾಗಿ ಕಲಿಯಬೇಕೋ? ಎರಡನೇ ವರ್ಷವೂ ಅದು ಮುಂದುವರಿಯುತ್ತದೆಯೋ? ಈ ಮೂರು ಪ್ರಶ್ನೆಗೆ ನೇರ ಉತ್ತರ ಕೊಡದ ವಿಭಾಗದಲ್ಲಿ ಕೊನೆಗೆ ನೀವು ಓದುವುದು ಇಂಗ್ಲಿಷ್ ಪತ್ರಿಕೆಗಳ ಸಾರಾಂಶವನ್ನೇ.

ಲೆಕ್ಕ ಹಾಕಿ ನೋಡೋಣ. ಅಮೆರಿಕದ ವಿದೇಶಾಂಗ ಇಲಾಖೆ ತನ್ನ ಅಧಿಕಾರಿಗಳಿಗೆ ಭಾಷೆ ಕಲಿಸುವಾಗ ಇಟ್ಟುಕೊಂಡಿರುವ ಅಂದಾಜು ಹೀಗಿದೆ: ಇಂಗ್ಲಿಷ್ ಮಾತೃಭಾಷೆಯವರು ವೃತ್ತಿಗೆ ಸಾಕಾಗುವಷ್ಟು ಅರಬ್ಬಿ ಕಲಿಯಲು 88 ವಾರ, ಅಂದರೆ ಸುಮಾರು 2200 ತರಗತಿ ಗಂಟೆ, ಇಸ್ರೇಲಿನ ಹೀಬ್ರೂ ಮತ್ತು ಇರಾನಿನ ಪಾರಸಿಗೆ 44 ವಾರ, ಸುಮಾರು 1100 ಗಂಟೆ. ಬ್ರಿಟನ್ನಿನ ಒಂದು ವರ್ಷದ ಎಂ.ಎ.ಯಲ್ಲಿ ವಾರಕ್ಕೆ 5 ಗಂಟೆಯಂತೆ 22 ವಾರ ಪಾಠ ನಡೆಯಿತು ಎನ್ನಿ. ಒಟ್ಟು 110 ಗಂಟೆ. ಅರಬ್ಬಿಯ ದಾರಿಯಲ್ಲಿ ಇಪ್ಪತ್ತರಲ್ಲಿ ಒಂದು ಪಾಲು ಮುಗಿಯಿತು. ಅಷ್ಟರಲ್ಲಿ ಅಕ್ಷರ ಕೂಡಿಸಿ ಓದಲು ಬರುತ್ತದೆ, ಸಂಪಾದಕೀಯ ಅರ್ಥವಾಗುವುದಿಲ್ಲ. ಆದ್ದರಿಂದ ಒಂದು ವರ್ಷದ ಕೋರ್ಸಿಗೆ ಹೋಗುವವರು ಅದಕ್ಕೆ ಮುಂಚೆಯೇ ಕನಿಷ್ಠ ಎರಡು ವರ್ಷ ಭಾಷೆ ಕಲಿತಿರಬೇಕು ಎಂದೇ ನಾನು ಹೇಳುತ್ತೇನೆ. ಸೊನ್ನೆಯಿಂದ ಆರಂಭಿಸುವವರಿಗೆ ನಾಲ್ಕು ವರ್ಷದ ಬಿ.ಎ. ಒಳ್ಳೆಯದು. ಆಕ್ಸ್‌ಫರ್ಡ್‌ನ ಅರಬ್ಬಿ ಪದವಿಯಲ್ಲಿ ಎರಡನೇ ವರ್ಷವನ್ನು ಪೂರ್ತಿಯಾಗಿ ಅರಬ್ ದೇಶದಲ್ಲಿ ಭಾಷೆ ಕಲಿಯಲೆಂದೇ ಬಿಟ್ಟಿದ್ದಾರೆ.

ನಮ್ಮ ದೇಶದ ತೊಡಕು ಬೇರೆ ಬಗೆಯದು. ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ ಪಶ್ಚಿಮ ಏಷ್ಯಾ ಕೇಂದ್ರ ಇರುವುದು ಅಂತರರಾಷ್ಟ್ರೀಯ ಅಧ್ಯಯನ ವಿಭಾಗದ ಕೆಳಗೆ. ಅರಬ್ಬಿ, ಪಾರಸಿ ಕೇಂದ್ರಗಳಿರುವುದು ಭಾಷಾ ವಿಭಾಗದ ಕೆಳಗೆ. ಒಂದು ಕಡೆ ತೈಲ, ಯುದ್ಧ, ವಿದೇಶಾಂಗ ನೀತಿ. ಇನ್ನೊಂದು ಕಡೆ ಕಾವ್ಯ, ವ್ಯಾಕರಣ. ಎರಡನ್ನೂ ಬೆಸೆಯುವ ಕೆಲಸ ವಿದ್ಯಾರ್ಥಿಯ ಹೆಗಲಿಗೇ ಬೀಳುತ್ತದೆ. ಅಲೀಗಢ, ಜಾಮಿಯಾ ಮಿಲ್ಲಿಯಾಗಳಲ್ಲೂ ಪಶ್ಚಿಮ ಏಷ್ಯಾ ಅಧ್ಯಯನವಿದೆ. ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯದಲ್ಲಿ ಅರಬ್ಬಿ ಕಲಿಸುತ್ತಾರೆ. ಬಿ.ಎ.ಯಲ್ಲಿ ಭಾಷೆ, ಎಂ.ಎ.ಯಲ್ಲಿ ರಾಜಕೀಯ ಎಂಬ ಕ್ರಮ ಇಲ್ಲಿ ಹೆಚ್ಚು ಕೆಲಸಕ್ಕೆ ಬರುತ್ತದೆ. ತಿರುಗಾಮುರುಗಾ ಮಾಡಿದವರು ಸಂಶೋಧನೆಯ ಹಂತಕ್ಕೆ ಬಂದಾಗ ಅನುವಾದಕರನ್ನು ಹುಡುಕಬೇಕಾಗುತ್ತದೆ.

ಇನ್ನು ಯಾವ ಭಾಷೆ? ಅರಬ್ಬಿಗೂ ಪಾರಸಿಗೂ ಲಿಪಿ ಹೆಚ್ಚುಕಡಿಮೆ ಒಂದೇ ಎಂದು ಒಂದು ಬಂದರೆ ಇನ್ನೊಂದೂ ಬಂದೀತು ಎಂದುಕೊಳ್ಳುತ್ತಾರೆ. ದೇವನಾಗರಿ ಓದಲು ಬಂದ ಮಾತ್ರಕ್ಕೆ ಮರಾಠಿ ಬಂದಂತಾಗುವುದಿಲ್ಲವಲ್ಲ. ಅರಬ್ಬಿಗೆ 28 ಅಕ್ಷರ, ಪಾರಸಿಗೆ ಪ, ಚ, ಗ ಮತ್ತು ಝ್ ಧ್ವನಿಯದೊಂದು ಸೇರಿ 32. ಅರಬ್ಬಿಯ ನಿಜವಾದ ನೆಂಟ ಹೀಬ್ರೂ. ಎರಡರಲ್ಲೂ ಮೂರು ವ್ಯಂಜನಗಳ ಧಾತುವಿನಿಂದ ಪದಗಳು ಹುಟ್ಟುತ್ತವೆ: ಕ-ತ-ಬ ಎಂದರೆ ಎರಡರಲ್ಲೂ ಬರವಣಿಗೆಗೆ ಸೇರಿದ್ದು. ಅರಬ್ಬಿಯ ಎಷ್ಟೋ ಕೋಶಗಳು ಧಾತುವಿನ ಕ್ರಮದಲ್ಲೇ ಇರುವುದರಿಂದ ಪದವನ್ನು ಬಿಡಿಸಲು ಬರದವರಿಗೆ ಕೋಶ ತೆರೆಯಲೂ ಬರುವುದಿಲ್ಲ. ಪಾರಸಿ ಇಂಡೋ-ಯುರೋಪಿಯನ್ ಭಾಷೆ. ಅದರಲ್ಲಿ ಲಿಂಗಭೇದವಿಲ್ಲ, ಕ್ರಿಯಾಪದ ಕನ್ನಡದಂತೆ ವಾಕ್ಯದ ಕೊನೆಗೆ ಬರುತ್ತದೆ. ಜಮೀನು, ಕಾಗದ, ಸರ್ಕಾರ, ಗುಮಾಸ್ತ ಪಾರಸಿಯವು; ವಕೀಲ, ಅರ್ಜಿ, ತಾಲೂಕು ಮೂಲದಲ್ಲಿ ಅರಬ್ಬಿ. ಉರ್ದು ಓದಲು ಬಲ್ಲವರಿಗೆ ಪಾರಸಿಯ ಅರ್ಧ ದಾರಿ ಆಗಲೇ ಸವೆದಿರುತ್ತದೆ.

ಅರಬ್ಬಿಯಲ್ಲಿ ಬಹಳ ಮಂದಿ ಎಡವುವುದು ಒಂದೇ ಜಾಗದಲ್ಲಿ. ತರಗತಿಯಲ್ಲಿ ಕಲಿಸುವುದು ಫುಸ್‌ಹಾ, ಅಂದರೆ ಗ್ರಾಂಥಿಕ. ಕೈರೋದ ಟ್ಯಾಕ್ಸಿಯವರು ಆಡುವುದು ಈಜಿಪ್ಟಿನ ಆಡುಮಾತು. ಮೊರಾಕ್ಕೊದ ದಾರಿಜಾ ಅದಕ್ಕಿಂತಲೂ ದೂರ. ಸುದ್ದಿ, ಭಾಷಣ, ಕಡತಗಳಿಗೆ ಫುಸ್‌ಹಾ ಸಾಕು. ಜನರನ್ನು ಮಾತಾಡಿಸಿ ಸಮಾಜ ಅರಿಯಬೇಕಾದರೆ ಸಾಲದು. ಎರಡನ್ನೂ ಮೊದಲ ವರ್ಷದಿಂದಲೇ ಒಟ್ಟಿಗೆ ಕಲಿಸುವ ಕಡೆಗೆ ಹೋಗಿ, ಒಂದೇ ಒಂದು ಆಡುಮಾತನ್ನು ಹಿಡಿದುಕೊಳ್ಳಿ. ಹೀಬ್ರೂಗೆ ಇಸ್ರೇಲಿನ ಉಲ್ಪಾನ್, ಅಂದರೆ ವಲಸೆ ಬಂದವರಿಗೆ ಭಾಷೆ ಕಲಿಸುವ ತೀವ್ರ ತರಗತಿಗಳ ಪದ್ಧತಿಯಿದೆ: ಹೀಬ್ರೂ ವರ್ಣಮಾಲೆಯ ಮೊದಲ ಆರು ಅಕ್ಷರಗಳಂತೆ ಅಲೆಫ್‌ನಿಂದ ವಾವ್‌ವರೆಗೆ ಆರು ಮೆಟ್ಟಿಲು. ಹೊಸಬರಿಗೆ ಅಲ್ಲಿ ತಲೆನೋವು ಸ್ವರಚಿಹ್ನೆ. ಪಠ್ಯಪುಸ್ತಕದಲ್ಲಿ ಇರುತ್ತದೆ, ಪತ್ರಿಕೆಯಲ್ಲಿ ಇರುವುದಿಲ್ಲ.

ಎಲ್ಲಿ ಕಲಿಯುವುದು ಎಂಬುದನ್ನು ರಾಜಕೀಯವೇ ತೀರ್ಮಾನಿಸುತ್ತದೆ. 2011ರವರೆಗೆ ಯುರೋಪಿನ ಎಷ್ಟೋ ವಿಭಾಗಗಳು ಅರಬ್ಬಿ ಕಲಿಯಲು ಸಿರಿಯಾದ ಡಮಾಸ್ಕಸ್‌ಗೆ ವಿದ್ಯಾರ್ಥಿಗಳನ್ನು ಕಳಿಸುತ್ತಿದ್ದವು. ಅಲ್ಲಿ ಯುದ್ಧ ಶುರುವಾದ ಮೇಲೆ ಜೋರ್ಡಾನಿನ ಅಮ್ಮಾನ್ ಆ ಜಾಗಕ್ಕೆ ಬಂತು. ಟೆಹರಾನಿನಲ್ಲಿ ಪಾರಸಿ ಕಲಿಸುವ ದೆಹ್‌ಖೋದಾ ಸಂಸ್ಥೆಯ ಪಾಠಕ್ಕೆ ಹೋಗಲಾಗದವರು ತಜಿಕಿಸ್ತಾನದ ದುಶಾಂಬೆಯತ್ತ ನೋಡುತ್ತಾರೆ. ಅಲ್ಲಿನ ತಾಜಿಕ್ ಭಾಷೆ ಪಾರಸಿಯದೇ ಒಂದು ರೂಪ, ಆದರೆ ಅಲ್ಲಿನ ಬೀದಿಯ ಫಲಕಗಳು ಸಿರಿಲಿಕ್ ಲಿಪಿಯಲ್ಲಿರುತ್ತವೆ. ಇಸ್ರೇಲ್‌ಗೆ ಹೋಗಿಬಂದ ಗುರುತು ಪಾಸ್‌ಪೋರ್ಟಿನಲ್ಲಿದ್ದರೆ ಲೆಬನಾನ್ ಮತ್ತು ಇರಾನ್ ಒಳಗೆ ಬಿಡುವುದಿಲ್ಲ. ಇಸ್ರೇಲ್ ಈಗ ಮುದ್ರೆಯ ಬದಲು ಬಿಡಿ ಚೀಟಿ ಕೊಡುತ್ತದೆ ನಿಜ. ಇಸ್ರೇಲಿನಿಂದ ಜೋರ್ಡಾನ್ ಗಡಿ ದಾಟುವಾಗ ಬೀಳುವ ಜೋರ್ಡಾನಿನ ಮುದ್ರೆ ಮಾತ್ರ ಎಲ್ಲವನ್ನೂ ಹೇಳಿಬಿಡುತ್ತದೆ. ಎಲ್ಲಿಗೆ ಮೊದಲು, ಎಲ್ಲಿಗೆ ಆಮೇಲೆ ಎಂಬುದನ್ನು ಅರ್ಜಿ ಹಾಕುವಾಗಲೇ ಯೋಚಿಸಿ.

ವಿಭಾಗ ಹುಟ್ಟಿದ್ದು ಏಕೆ ಎಂಬುದನ್ನೂ ವಿಚಾರಿಸಿ. ಅಮೆರಿಕದ ಕೇಂದ್ರಗಳಿಗೆ ದೊಡ್ಡ ಹಣ ಬಂದದ್ದು ಸೋವಿಯತ್ ಉಪಗ್ರಹ ಸ್ಪುಟ್ನಿಕ್ ಹಾರಿದ ಮರುವರ್ಷ, 1958ರ ರಾಷ್ಟ್ರೀಯ ರಕ್ಷಣಾ ಶಿಕ್ಷಣ ಕಾಯ್ದೆಯಿಂದ. ಟೆಲ್ ಅವೀವ್ ವಿಶ್ವವಿದ್ಯಾಲಯದ ಮೋಶೆ ದಯಾನ್ ಕೇಂದ್ರದ ಬೇರು, ಇಸ್ರೇಲಿನ ಬೇಹುಗಾರಿಕಾ ಸಂಸ್ಥೆ ಮೊಸಾದ್‌ನ ಮೊದಲ ಮುಖ್ಯಸ್ಥನ ಹೆಸರಿನ 1959ರ ಶಿಲೋಆ ಸಂಸ್ಥೆಯಲ್ಲಿದೆ. 1866ರಲ್ಲಿ ಶುರುವಾದ ಬೈರೂತಿನ ಅಮೆರಿಕನ್ ವಿಶ್ವವಿದ್ಯಾಲಯದಲ್ಲಿ ಕೂತು ನೋಡಿದರೆ ಇಸ್ರೇಲ್ ಸ್ಥಾಪನೆಯಾದ ಅದೇ 1948 ಬೇರೆಯಾಗಿ ಕಾಣುತ್ತದೆ. ಇದು ದೋಷವಲ್ಲ, ಆದರೆ ಗೊತ್ತಿರಬೇಕು. ಓದಬೇಕಾದ ಪುಸ್ತಕಗಳ ಪಟ್ಟಿಯಲ್ಲಿ ಪ್ಯಾಲೆಸ್ತೀನಿ, ಇಸ್ರೇಲಿ, ಇರಾನಿ ಲೇಖಕರು ಮೂವರೂ ಇದ್ದಾರೆಯೇ ಎಂದು ನೋಡಿದರೆ ಬಹಳಷ್ಟು ತಿಳಿಯುತ್ತದೆ.

ಪ್ರಬಂಧ ಬರೆಯುವಾಗ ತಪ್ಪುವುದು ಇಸವಿಗಳು. ಇರಾನಿನ ಸೌರ ವರ್ಷ ಮಾರ್ಚ್ ವಿಷುವದಂದು ಆರಂಭ. ಅದನ್ನು ಕ್ರಿಸ್ತಶಕಕ್ಕೆ ತರಲು ಅಲ್ಲಿಂದ ಡಿಸೆಂಬರ್ ಕೊನೆಯವರೆಗಿನ ದಿನಾಂಕಕ್ಕೆ 621 ಕೂಡಿಸಬೇಕು, ಜನವರಿಯಿಂದ ಆ ಇರಾನಿ ವರ್ಷದ ಕೊನೆಯವರೆಗೆ 622. ಕ್ರಾಂತಿ ಗೆದ್ದ ದಿನ 1357ರ ಬಹ್‌ಮನ್ ತಿಂಗಳ 22. ಕಣ್ಣುಮುಚ್ಚಿ 621 ಕೂಡಿಸಿದರೆ 1978 ಬರುತ್ತದೆ. ಸರಿಯಾದದ್ದು 11 ಫೆಬ್ರುವರಿ 1979. ಚಾಂದ್ರಮಾನ ಹಿಜರಿಗೆ ಈ ಕೂಡುವ ಲೆಕ್ಕ ನಡೆಯುವುದಿಲ್ಲ, ವರ್ಷಕ್ಕೆ ಸುಮಾರು 354 ದಿನ ಮಾತ್ರ. ಹೆಸರುಗಳೂ ಹಾಗೆಯೇ. ಒಂದೇ ಅಕ್ಷರ ಅರಬ್ಬಿಯಲ್ಲಿ ದ, ಪಾರಸಿಯಲ್ಲಿ ಜ: ಅಲ್ಲಿ ರಮದಾನ್, ಇಲ್ಲಿ ರಮಜಾನ್. ನಮ್ಮ ರಂಜಾನ್ ಪಾರಸಿಯ ದಾರಿಯಿಂದ ಬಂದದ್ದು. ಗ್ರಂಥಾಲಯದ ಸೂಚಿಯಲ್ಲಿ ರಿದಾ ಎಂದು ಹುಡುಕಿ ಸಿಗದಿದ್ದರೆ ರೆಜಾ ಎಂದೂ ಹುಡುಕಬೇಕು.

ಆಕರಗಳಿಗೆ ಯಾವಾಗಲೂ ವಿಮಾನ ಹತ್ತಬೇಕಿಲ್ಲ. ಪರ್ಷಿಯನ್ ಕೊಲ್ಲಿಯ ಬ್ರಿಟಿಷ್ ರೆಸಿಡೆನ್ಸಿ, ಅಂದರೆ ಬ್ರಿಟಿಷ್ ಪ್ರತಿನಿಧಿಯ ಕಚೇರಿ, 1873ರವರೆಗೆ ಬೊಂಬಾಯಿ ಸರ್ಕಾರದ ಕೆಳಗಿತ್ತು, ಆಮೇಲೆ 1947ರವರೆಗೆ ಭಾರತ ಸರ್ಕಾರದ ಕೆಳಗೆ. ಅದರ ಕಡತಗಳು ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲೂ ಕತಾರ್ ಡಿಜಿಟಲ್ ಲೈಬ್ರರಿಯಲ್ಲೂ ಇವೆ, ಎರಡನೆಯದು ಉಚಿತ. ಇನ್ನೊಂದು ಆಕರ ಮಂಗಳೂರಿನದೇ. ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ 1132ರ ಅಕ್ಟೋಬರ್ 17ರಂದು ಅಲ್ಲಿ ಅಶು ಎಂಬ ಹೆಣ್ಣಾಳಿಗೆ ಗುಲಾಮಗಿರಿಯಿಂದ ಬಿಡುಗಡೆಯ ಪತ್ರ ಬರೆದುಕೊಟ್ಟ. ಕೈರೋದ ಸಿನಗಾಗ್‌ನಲ್ಲಿ, ಅಂದರೆ ಯಹೂದಿ ಪ್ರಾರ್ಥನಾ ಮಂದಿರದಲ್ಲಿ, ಉಳಿದುಬಂದ ಅವನ ಕಾಗದಪತ್ರಗಳಲ್ಲಿ ಹೆಚ್ಚಿನವು ಕೇಂಬ್ರಿಜ್‌ನಲ್ಲಿವೆ, ಚಿತ್ರಗಳು ಅಂತರಜಾಲದಲ್ಲಿ ಸಿಗುತ್ತವೆ. ವ್ಯವಹಾರದ ಪತ್ರಗಳ ಭಾಷೆ ಅರಬ್ಬಿ, ಲಿಪಿ ಹೀಬ್ರೂ. ಅಡಿಕೆ, ಮೆಣಸು, ಕಬ್ಬಿಣದ ಲೆಕ್ಕದ ನಡುವೆ ಅವನ ಆಳು ಬೊಮ್ಮನ ಹೆಸರೂ ಅದೇ ಲಿಪಿಯಲ್ಲಿದೆ.