ಆಕಾಶದ ಅತಿಥಿಗಳು ಬರುವ ದಾರಿ

2023ರ ಮೈಸೂರು ದಸರಾದಲ್ಲಿ ಬನ್ನಿಮಂಟಪದ ಮೇಲೆ ವಾಯುಪಡೆಯ ಕಸರತ್ತು ತಂಡವಾದ ಸೂರ್ಯಕಿರಣ್‌ನ ಹಾಕ್ ಜೆಟ್ ವಿಮಾನಗಳು ಹಾರಾಡಿದಾಗ, ಪಕ್ಕದ ಮನೆಯ ಹುಡುಗ ‘ಇವನ್ನೆಲ್ಲ ಲಾರಿಯಲ್ಲಿ ತಂದರಾ ಅಂಕಲ್?’ ಎಂದು ಕೇಳಿದ. ನಾನು ನಕ್ಕೆನಾದರೂ ಪ್ರಶ್ನೆ ದಡ್ಡತನದ್ದಲ್ಲ.

ವಾಯುಪಡೆಯ ಜೆಟ್ ವಿಮಾನಗಳು ಸಾಮಾನ್ಯವಾಗಿ ತಾವೇ ಹಾರಿಕೊಂಡು ಬರುತ್ತವೆ. ಸೂರ್ಯಕಿರಣ್ ತಂಡದ ನೆಲೆಯಿರುವುದು ನಮ್ಮ ಬೀದರಿನಲ್ಲಿಯೇ. ದೂರ ಹೆಚ್ಚಾದಾಗ ನಡುವೆ ಇಳಿದು ಇಂಧನ ತುಂಬಿಸಿಕೊಳ್ಳಬೇಕಾಗುತ್ತದೆ. 2016ರಲ್ಲಿ ಬಹರೇನ್ ಪ್ರದರ್ಶನಕ್ಕೆ ಹೊರಟ ತೇಜಸ್ ವಿಮಾನಗಳು ಜಾಮ್‌ನಗರ ಮತ್ತು ಮಸ್ಕತ್‌ಗಳಲ್ಲಿ ತಂಗಿ ಮುಂದುವರಿದವು. ತಂತ್ರಜ್ಞರು, ಬಿಡಿಭಾಗಗಳು, ಚಕ್ರಗಳು, ಉಪಕರಣಗಳ ಪೆಟ್ಟಿಗೆಗಳು ಬೇರೆ ಸಾರಿಗೆ ವಿಮಾನದಲ್ಲಿ ಬರುತ್ತವೆ. ಮದುವೆ ದಿಬ್ಬಣದ ಹಿಂದೆ ಅಡುಗೆಯವರ ವ್ಯಾನು ಬಂದಂತೆ.

ಆದರೆ ಹುಡುಗನ ಊಹೆ ನಿಜವಾಗುವುದು ಕಸರತ್ತಿನ ಪುಟ್ಟ ಪ್ರೊಪೆಲ್ಲರ್ ವಿಮಾನಗಳ ವಿಷಯದಲ್ಲಿ. ಹಗುರಾಗಿರಲೆಂದು ಅವುಗಳ ಇಂಧನದ ತೊಟ್ಟಿಯನ್ನು ಚಿಕ್ಕದಾಗಿ ಮಾಡಿರುವುದರಿಂದ ಸಾಗರ ದಾಟುವುದು ಅಸಾಧ್ಯ. ಹೀಗಾಗಿ ಇಂಧನವನ್ನು ಖಾಲಿ ಮಾಡಿ, ರೆಕ್ಕೆಯನ್ನು ಕಳಚಿ, ಮೆತ್ತೆಯಿಟ್ಟ ಚೌಕಟ್ಟಿಗೆ ಬಿಗಿದು, ಒಡಲನ್ನೂ ಅದರ ಪಕ್ಕದಲ್ಲಿಯೇ ಕಟ್ಟಿ, ಸುಮಾರು 12 ಮೀಟರ್ ಉದ್ದದ 40 ಅಡಿ ಕಂಟೇನರಿನಲ್ಲಿ ಹಡಗಿಗೇರಿಸುತ್ತಾರೆ. ಅವಸರವಿದ್ದರೆ ಸರಕು ವಿಮಾನಕ್ಕೆ. ವಿಮಾನದೊಳಗೆ ವಿಮಾನ! ಬಂದರಿನಿಂದ ಮುಂದೆ ಲಾರಿಯೇ ಗತಿ. ಜೋಡಿಸಿದ ಮೇಲೆ ಪ್ರತಿ ಬೋಲ್ಟನ್ನೂ ಪರೀಕ್ಷಿಸಿ, ಒಮ್ಮೆ ಪ್ರಯೋಗಾರ್ಥ ಹಾರಿಸಿ ನೋಡದೆ ಯಾವ ಪೈಲಟ್ಟೂ ಅದನ್ನು ತಲೆಕೆಳಗಾಗಿಸುವುದಿಲ್ಲ.

ಮರುದಿನ ಆ ಹುಡುಗನನ್ನು ಕರೆದು ಇದನ್ನೆಲ್ಲ ಹೇಳಿದೆ. ಅವನು ರೆಕ್ಕೆ ಕಳಚುವ ಸ್ಪ್ಯಾನರಿನ ಗಾತ್ರವನ್ನು ಕೇಳಿದ.